ಗೌಜಲಕ್ಕಿ ತೂಗಲು ಅಡುಗೆಮನೆಯ ತೂಕದ ಮೆಷಿನ್: ಐದು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಕೇಕ್ ಮಾಡುವವರಿಗೆ ಬರೆದ ರಿವ್ಯೂ ಅಲ್ಲ. ಹಿತ್ತಲಲ್ಲಿ ಅರವತ್ತು ಗೌಜಲಕ್ಕಿ ಸಾಕಿದ್ದೇನೆ. ಕಾಡಿನವಲ್ಲ, ಫಾರಂನಲ್ಲಿ ಸಿಗುವ ಜಪಾನೀಸ್ ಕ್ವೇಲ್. ಅವನ್ನು ತೂಗಲು 350 ರೂಪಾಯಿ ಕೊಟ್ಟು ಈ ಪುಟ್ಟ ಡಿಜಿಟಲ್ ಮೆಷಿನ್ ತಂದೆ. 5 ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಐದಕ್ಕೆ ಮೂರೂವರೆ ಸ್ಟಾರ್.

ಇದಕ್ಕೂ ಮುಂಚೆ ಟೈಲರ್ ಟೇಪಿನಲ್ಲೇ ಕಾಲ ತಳ್ಳುತ್ತಿದ್ದೆ. ಹಸುವಿನ ಎದೆ ಸುತ್ತಳತೆ ನೋಡಿ ತೂಕ ಅಂದಾಜು ಮಾಡುತ್ತಾರಲ್ಲ, ಹಾಗೆ ರೆಕ್ಕೆ ಕೆಳಗೆ ಟೇಪ್ ಸುತ್ತಿ ಲೆಕ್ಕ ಹಾಕುವುದು. ಯೋಚನೆ ತಪ್ಪಲ್ಲ. ಗೌಜಲಕ್ಕಿಯ ಮೇಲೆ ನಡೆದ ಎಷ್ಟೋ ಅಧ್ಯಯನಗಳಲ್ಲಿ ಎದೆ ಸುತ್ತಳತೆ ದೊಡ್ಡದಾದಷ್ಟೂ ತೂಕ ಜಾಸ್ತಿ ಎಂದೇ ಬಂದಿದೆ. ಕಾಲಿನ ಉದ್ದವನ್ನು ಮಾತ್ರ ನಂಬಬೇಡಿ, ಮೂಳೆ ಬೇಗ ಬೆಳೆದು ನಿಂತುಬಿಡುತ್ತದೆ, ಮಾಂಸ ಆಮೇಲೂ ತುಂಬುತ್ತಾ ಇರುತ್ತದೆ.

ಆದರೆ ಹಕ್ಕಿ ತೀರಾ ಚಿಕ್ಕದು, ತೊಂದರೆ ಇರುವುದೇ ಅಲ್ಲಿ. ನನ್ನ ದೊಡ್ಡ ಹಕ್ಕಿಗಳ ಎದೆ ಸುತ್ತಳತೆ ಸುಮಾರು 15 ಸೆಂಟಿಮೀಟರ್. ಪುಕ್ಕದ ಮೇಲೆ ಟೇಪ್ ಸ್ವಲ್ಪ ಸಡಿಲವಾಗಿ 5 ಮಿಲಿಮೀಟರ್ ತಪ್ಪಿತು ಅಂದುಕೊಳ್ಳಿ. ಮೈ ಬರೀ ಸುತ್ತಳತೆಯಲ್ಲಿ ಬೆಳೆಯುವುದಿಲ್ಲ, ಉದ್ದ, ಅಗಲ, ದಪ್ಪ ಮೂರೂ ಕಡೆ ಬೆಳೆಯುತ್ತದೆ, ಹಾಗಾಗಿ ಆ ಸಣ್ಣ ತಪ್ಪು ತೂಕಕ್ಕೆ ಬಂದಾಗ ಮೂರು ಪಟ್ಟು ಆಗಿ, 200 ಗ್ರಾಂ ಹಕ್ಕಿಯಲ್ಲಿ 20 ಗ್ರಾಂ ಏರುಪೇರು. ಒಂದು ವಾರದ ಬೆಳವಣಿಗೆ ಅಲ್ಲೇ ಮಾಯ!

ಇನ್ನೊಂದು ಎಡವಟ್ಟು ಹೆಣ್ಣು ಗಂಡಿನದು. ಕೋಳಿಯಲ್ಲಿ ಹುಂಜ ದಪ್ಪ ಅಲ್ವಾ, ಇಲ್ಲಿ ಉಲ್ಟಾ, ಹೆಣ್ಣೇ ತೂಕ. ಎದೆಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು, ಬರೀ ಇಟ್ಟಿಗೆ ಬಣ್ಣವಿದ್ದರೆ ಗಂಡು. ಆರೇಳು ವಾರಕ್ಕೆ ಮೊಟ್ಟೆ ಶುರುವಾಗುತ್ತದೆ. ಅಷ್ಟೊತ್ತಿಗೆ ಅಂಡಾಶಯ, ಮೊಟ್ಟೆಯ ನಾಳ ಎಲ್ಲ ದೊಡ್ಡದಾಗಿರುತ್ತವೆ, ಹೊಟ್ಟೆಯಲ್ಲಿ ತಯಾರಾಗಿ ಕೂತ ಒಂದು ಮೊಟ್ಟೆಯೇ ಸುಮಾರು 10 ಗ್ರಾಂ. ಎದೆಗೆ ಸುತ್ತಿದ ಟೇಪಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಲೆಕ್ಕ ಹಿಡಿದು ನಾನು ಎರಡು ತಿಂಗಳು ಸುಮ್ನೆ ತಲೆ ಕೆಡಿಸಿಕೊಂಡೆ.

ಮೆಷಿನ್ ವಿಷಯಕ್ಕೆ ಬರೋಣ. ತೂಕ ಸರಿಯಿದೆ. ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ. ಹತ್ತು ನಾಣ್ಯ ಇಟ್ಟೆ, 77 ತೋರಿಸಿತು. ಅಂದಹಾಗೆ ಆಗತಾನೇ ಒಡೆದು ಬಂದ ಮರಿಯ ತೂಕವೂ ಹೆಚ್ಚುಕಮ್ಮಿ ಒಂದು ನಾಣ್ಯದಷ್ಟೇ. ಅದನ್ನು ಒಂಟಿಯಾಗಿ ತೂಗಿದರೆ 7 ಅನ್ನುತ್ತದೋ 8 ಅನ್ನುತ್ತದೋ, ಅಲ್ಲೇ ಅಷ್ಟು ವ್ಯತ್ಯಾಸ. ಹತ್ತು ಮರಿ ಒಟ್ಟಿಗೆ ಡಬ್ಬಿಗೆ ಹಾಕಿ ತೂಗಿ, ಹತ್ತರಿಂದ ಭಾಗಿಸಿ.

ಕಿರಿಕಿರಿಯೂ ಇದೆ. ಎರಡು ನಿಮಿಷ ಸುಮ್ಮನಿದ್ದರೆ ತಾನೇ ಆಫ್ ಆಗುತ್ತದೆ, ನಾನಿನ್ನೂ ಗೂಡಿನಲ್ಲಿ ಕೈ ಹಾಕಿಕೊಂಡು ಮುಂದಿನ ಹಕ್ಕಿ ಹಿಡಿಯುತ್ತಿರುತ್ತೇನೆ. ಹಕ್ಕಿ ಅಲ್ಲಾಡಿದರೆ ಅಂಕಿಯೂ ಕುಣಿಯುತ್ತದೆ, ಅದನ್ನು ನಿಲ್ಲಿಸುವ ಬಟನ್ ಇಲ್ಲ. ಗೌಜಲಕ್ಕಿ ಗಾಬರಿಯಾದರೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ, ಮೊದಲ ದಿನವೇ ಒಂದು ಹಾರಿ ಮಾಡಿಗೆ ತಲೆ ಬಡಿದುಕೊಂಡಿತು. ಈಗ ಹಳೇ ಸಾಕ್ಸ್ ಬಳಸುತ್ತೇನೆ. ಬರೀ ಸಾಕ್ಸ್ ಇಟ್ಟು ಸೊನ್ನೆಗೆ ತಂದು, ಆಮೇಲೆ ಹಕ್ಕಿಯನ್ನು ಅದರೊಳಗೆ ಬಿಟ್ಟು ತಲೆ ಮಾತ್ರ ಹೊರಗಿಟ್ಟರೆ ಕಲ್ಲಿನಂತೆ ಕೂರುತ್ತದೆ. ಬೆಳಿಗ್ಗೆ ಮೇವು ಹಾಕುವ ಮುಂಚೆಯೇ ತೂಗಿ, ಇಲ್ಲದಿದ್ದರೆ ತಿಂದ ಮೇವಿನ ತೂಕವೂ ಸೇರುತ್ತದೆ.

ಟೇಪ್ ಎಸೆದಿಲ್ಲ. ತೂಕ ಇದ್ದೂ ಎದೆ ಸಣ್ಣ ಇದ್ದರೆ ಆ ಗಂಡನ್ನು ಮರಿಗಾಗಿ ಇಟ್ಟುಕೊಳ್ಳುವುದಿಲ್ಲ, ಅಷ್ಟಕ್ಕೆ ಅದು ಬೇಕು.

ಹಕ್ಕಿ ಹಿಕ್ಕೆ ಹಾಕಿದ ತಟ್ಟೆಯ ಮೇಲೆ ಮೈದಾ ತೂಗುವುದಿಲ್ಲ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದರು, ಇನ್ನೊಂದು ತರಬೇಕಾಯಿತು. ಹಾಗಾಗಿ 350 ಅಂತ ಬರೆದಿದ್ದನ್ನು 700 ಅಂತ ಓದಿಕೊಳ್ಳಿ.