ಫೋರ್ಜಾ ಹೊರೈಜನ್ 4 ಕಾರ್ ರೇಸ್ ಗೇಮನ್ನು "ಫುಲ್ ಆನ್‌ಲೈನ್" ಅಂತ ಮಾರುವವನ ಹತ್ರ ತಗೋಬೇಡಿ, ನನ್ನ 2,150 ರೂಪಾಯಿ ಹೋಯ್ತು

ನಾನು ಕೆಲಸ ಮಾಡೋದು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಕ್ಷಯ ಕೇಂದ್ರದಲ್ಲಿ, ಕೇರಳ ಸರ್ಕಾರದ ಆನ್‌ಲೈನ್ ಸೇವೆ ಸಿಗುವ ಜಾಗ ಅದು. ಪೆನ್ಶನ್ನಿಗೆ, ರೇಷನ್ ಕಾರ್ಡಿಗೆ ಅಂತ ಬರುವ ಅಜ್ಜಂದಿರಿಗೆಲ್ಲ ಓಟಿಪಿ ಯಾರಿಗೂ ಹೇಳ್ಬೇಡಿ, ಗೊತ್ತಿಲ್ಲದವರಿಗೆ ದುಡ್ಡು ಹಾಕ್ಬೇಡಿ ಅಂತ ದಿನಾ ಹೇಳುವವನು ನಾನೇ. ಅಂಥ ನಾನೇ ಮೋಸ ಹೋದೆ, ಅದೂ ಒಬ್ಬನೇ ಮನುಷ್ಯನಿಂದ ಎರಡು ಸಲ. ನಾಚಿಕೆಯಾಗಿ ಎರಡು ವಾರ ಯಾರ ಹತ್ರವೂ ಬಾಯಿ ಬಿಡ್ಲಿಲ್ಲ. ಮೊನ್ನೆ ಅವನು ಬೇರೆ ಹೆಸರಲ್ಲಿ ಮತ್ತೆ ಪೋಸ್ಟ್ ಹಾಕಿದ್ದು ಕಂಡಿತು, ಇನ್ನು ಸುಮ್ಮನಿರ್ಲಿಕ್ಕೆ ಆಗುದಿಲ್ಲ.

ವಿಷಯ ಇಷ್ಟು. ದೊಡ್ಡಮ್ಮನ ಮಗ ಅಣ್ಣ ಶಾರ್ಜಾದಲ್ಲಿ ಇರುದು, ಅವನ ಹತ್ರ ಸ್ಟೀಮಿನಲ್ಲಿ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಈ ಗೇಮ್ ಮೊದಲಿಂದ ಉಂಟು. ಓಣಂ ರಜೆಗೆ ಕಾಞಂಗಾಡಿನಿಂದ ಅಕ್ಕನ ಮಗ ನಮ್ಮಲ್ಲಿಗೆ ಬಂದಿದ್ದ. ವಿಡಿಯೋ ಕಾಲಿನಲ್ಲಿ ಅಣ್ಣ ಅವನಿಗೆ ಗೇಮ್ ತೋರಿಸಿದ. ಅದರಲ್ಲಿ ವಾರಕ್ಕೊಂದು ಋತು ಬದಲಾಗ್ತದೆ, ಚಳಿಗಾಲದ ವಾರ ಬಂದ್ರೆ ಕೆರೆ ಹೆಪ್ಪುಗಟ್ಟಿ ಅದರ ಮೇಲೆಯೇ ಕಾರು ಓಡಿಸ್ಬಹುದು. ಹುಡುಗ ಬಿಡ್ಲೇ ಇಲ್ಲ, ಮಾವ ನಾವೂ ಆಡುವ, ನಾವೂ ಆಡುವ. ಅಣ್ಣನೂ ಹೇಳಿದ, ನೀನು ಸಹ ತಗೋ ಮಾರಾಯ, ಕಾನ್ವಾಯ್ ಮಾಡಿ ಎಲ್ಲರೂ ಒಟ್ಟಿಗೆ ಓಡಿಸುವ ಅಂತ.

ಆದ್ರೆ ಈ ಗೇಮ್ ಈಗ ಅಂಗಡಿಯಲ್ಲಿ ಇಲ್ಲ. 2018ರದ್ದು, ಸ್ಟೀಮಿಗೆ ಬಂದದ್ದು 2021ರಲ್ಲಿ. ಕಾರು ಕಂಪನಿಗಳ ಮತ್ತು ಹಾಡುಗಳ ಲೈಸೆನ್ಸ್ ಮುಗಿದದ್ದರಿಂದ 2024 ಡಿಸೆಂಬರ್ 15ಕ್ಕೆ ಮಾರಾಟ ನಿಲ್ಲಿಸಿದ್ರು. ಮೊದಲೇ ತಗೊಂಡವರು ಈಗಲೂ ಆಡ್ಬಹುದು, ಆನ್‌ಲೈನ್ ಸಹ. ಹೊಸಬರಿಗೆ ಸಿಗುದಿಲ್ಲ. 5ನೇ ಭಾಗ ತಗೊಳ್ಳುವ ಅಂದ್ರೆ ಅದಕ್ಕೆ ಕಡಿಮೆ ಅಂದ್ರೂ ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್ ಬೇಕು, ನನ್ನದು ಹಳೆ 750 ಟಿಐ. ಈ ತರ ನಿಲ್ಲಿಸಿದ ಗೇಮನ್ನು ಹುಡುಕುವವರು ಇರ್ತಾರೆ ಅಂತ ಈ ಕಳ್ಳರಿಗೆ ಚೆನ್ನಾಗಿ ಗೊತ್ತುಂಟು.

ಹುಡುಕುವಾಗ ಒಬ್ಬ ಸಿಕ್ಕಿದ. "ಎಫ್‌ಎಚ್4 ಫುಲ್ ಆನ್‌ಲೈನ್, ಲೈಫ್‌ಟೈಮ್, 850 ಮಾತ್ರ." ನಾನು ಮಲಯಾಳದಲ್ಲಿ ಮೆಸೇಜ್ ಹಾಕಿದೆ, ಅವನು ನನ್ನ ಹೆಸರು ನೋಡಿ ಕನ್ನಡದಲ್ಲೇ ಉತ್ತರ ಕೊಟ್ಟ. "ಎಂತ ಅಣ್ಣ, ನಿಮ್ಮದು ಎಲ್ಲಿ, ನಮ್ಮದು ಸಹ ಅದೇ ಸೈಡ್." ಅಲ್ಲಿಗೇ ನಾನು ಬಿದ್ದದ್ದು. ಬ್ಯಾಂಕಿಗೆ ಹೋದ್ರೂ ಪಂಚಾಯತಿಗೆ ಹೋದ್ರೂ ಮಲಯಾಳದಲ್ಲೇ ಮಾತಾಡಿ ಮಾತಾಡಿ, ಎದುರಿನವ ನಮ್ಮ ಹಾಗೆ "ಎಂತ" ಅಂದ ಕೂಡ್ಲೆ ಊರಿನ ಹುಡುಗ, ಮೋಸ ಮಾಡ್ಲಿಕ್ಕಿಲ್ಲ ಅಂತ ಅನಿಸಿಬಿಟ್ಟಿತು. ಮೂರು ಸಲ ಕೇಳಿದ್ದೇನೆ, ಆನ್‌ಲೈನ್ ಆಗ್ತದಲ್ವಾ, ಶಾರ್ಜಾದಲ್ಲಿ ಇರುವವರ ಒಟ್ಟಿಗೆ ಆಡ್ಬೇಕು ಅಂತ. ಮೂರು ಸಲವೂ "ಪಕ್ಕಾ ಅಣ್ಣ" ಅಂದ. ದುಡ್ಡು ಹಾಕುವಾಗ ಯುಪಿಐಯಲ್ಲಿ ಬೇರೆ ಯಾವುದೋ ಹೆಂಗಸಿನ ಹೆಸರು ಬಂತು, ಕೇಳಿದ್ದಕ್ಕೆ "ಅದು ತಂಗಿ ಅಕೌಂಟ್". ಅದನ್ನೂ ನಂಬಿದೆ.

ಅವನು ಕೊಟ್ಟದ್ದು ಒಂದು ಸ್ಟೀಮ್ ಐಡಿ ಮತ್ತು ಪಾಸ್‌ವರ್ಡ್. ಲಾಗಿನ್ ಕೋಡ್ ಅವನೇ ಹೇಳಿದ. ಡೌನ್‌ಲೋಡ್ ಆದ ಮೇಲೆ ಆಫ್‌ಲೈನ್ ಮೋಡಿಗೆ ಹಾಕಿ, ಆಮೇಲೆ ಓಪನ್ ಮಾಡಿ ಅಂತ ಹೇಳಿದ. ಹತ್ರ ಹತ್ರ ನೂರು ಜಿಬಿ, ಮಳೆಗೆ ಕರೆಂಟ್ ಹೋಗ್ತಾ ಬರ್ತಾ ಮೂರು ರಾತ್ರಿ ಬೇಕಾಯ್ತು. ನಾಲ್ಕನೇ ದಿನ ಊಟ ಮಾಡಿ ಕೂತೆವು, ಅಣ್ಣ ಡ್ಯೂಟಿ ಮುಗಿಸಿ ಬಂದು ಅಲ್ಲಿ ರೆಡಿ. ಗೇಮ್ ಓಪನ್ ಆಯ್ತು, ಹುಡುಗ ಕುಣಿದ. ಗ್ಯಾರೇಜಿಗೆ ಹೋದ್ರೆ ಯಾರೋ ಓಡಿಸಿ ಬಿಟ್ಟ ಕಾರುಗಳು, ಗುಲಾಬಿ ಬಣ್ಣ ಹೊಡೆದ ಒಂದು ಮಿನಿ, ಮೇಲೆ ಯಾರದ್ದೋ ಹೆಸರು. ಕಾನ್ವಾಯ್ ಒತ್ತಿದ್ರೆ ಏನೂ ಆಗುದಿಲ್ಲ. ಅಣ್ಣ ಅಲ್ಲಿಂದ "ನೀನು ಕಾಣ್ತಾ ಇಲ್ಲ, ಕಾಣ್ತಾ ಇಲ್ಲ" ಅಂತ ಹೇಳ್ತಾನೇ ಇದ್ದಾನೆ. ಸ್ಟೀಮನ್ನು ಆನ್‌ಲೈನ್ ಮಾಡ್ಲಿಕ್ಕೆ ಹೋದೆ, ಪುನಃ ಕೋಡ್ ಕೇಳಿತು. ಆ ಕೋಡ್ ಬರೋದು ಅವನ ಫೋನಿಗೆ. ಆಗ ನನಗೆ ಹೊಳೆಯಿತು. ಓಟಿಪಿ ಯಾರ ಕೈಯಲ್ಲಿ ಉಂಟೋ ಅಕೌಂಟ್ ಅವರದ್ದು ಅಂತ ದಿನಾ ಬೇರೆಯವರಿಗೆ ಹೇಳುದು ನಾನು. ಒಂದೇ ಐಡಿಯನ್ನು ಎಷ್ಟು ಜನಕ್ಕೆ ಮಾರಿದ್ದಾನೋ, ಎಲ್ಲರನ್ನೂ ಆಫ್‌ಲೈನಿನಲ್ಲಿ ಕೂರಿಸಿದ್ರೆ ಒಬ್ಬರಿಗೊಬ್ಬರು ಗೊತ್ತೇ ಆಗುದಿಲ್ಲ.

ಮೆಸೇಜ್ ಹಾಕಿದೆ. ಅವನ ಉತ್ತರ ಹಾಗೇ ಬರೀತೇನೆ:

"ಗೇಮ್ ಓಪನ್ ಆಗ್ತದಲ್ವಾ ಅಣ್ಣ?"

ಆನ್‌ಲೈನ್ ಅಂತ ಹೇಳಿದ್ದಲ್ವಾ ನೀವು ಅಂದೆ.

"ಆನ್‌ಲೈನ್ ಅಂದ್ರೆ ಆನ್‌ಲೈನ್‌ನಲ್ಲಿ ಡೌನ್‌ಲೋಡ್ ಆಗ್ತದೆ ಅಂತ. ನೀವು ಸರಿ ಓದ್ಲಿಲ್ಲ."

ಇದನ್ನು ಓದಿ ನನ್ನ ಕೈ ನಡುಗಿತು. ಮೂರು ಸಲ ಕೇಳಿದ್ದೇನೆ ಮಾರಾಯ್ರೆ, ಮೂರು ಸಲ. ಸ್ಕ್ರೀನ್‌ಶಾಟ್ ಕಳಿಸಿದೆ. ಒಂದು ಗಂಟೆ ಬಿಟ್ಟು "ಬೇಜಾರು ಮಾಡ್ಬೇಡಿ, ನಮ್ಮ ಊರಿನವರು ಅಂತ ಹೇಳ್ತೇನೆ, 1,300 ಹಾಕಿ, ನಿಮ್ಮದೇ ಐಡಿಗೆ ಹಾಕುವ ಕೀ ಕೊಡ್ತೇನೆ" ಅಂದ. ಹುಡುಗನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ, ನಾಡಿದ್ದು ಅವನ ರಜೆ ಮುಗೀತದೆ. ಹಾಕಿದೆ. ಹೌದು, ಹಾಕಿದೆ. ಕೀ ಬಂತು, ಅಂದ್ರೆ ಗೇಮನ್ನು ಐಡಿಗೆ ಸೇರಿಸುವ ನಂಬರ್, ಐದೈದು ಅಕ್ಷರದ ಮೂರು ತುಂಡು, ನನ್ನ ಐಡಿಯಲ್ಲಿ ಹಾಕಿದ್ರೆ ಬೇರೆ ಅಕೌಂಟಿನಲ್ಲಿ ಇದು ಮೊದಲೇ ಆಕ್ಟಿವೇಟ್ ಆಗಿದೆ ಅಂತ ಬಂತು. ಹೇಳಿದ್ದಕ್ಕೆ "ನೀವೇ ಹಾಕಿ ಈಗ ಸುಳ್ಳು ಹೇಳ್ತಾ ಇದ್ದೀರಿ, ನಾನು ಇಂಥ ಎಷ್ಟು ಜನರನ್ನು ನೋಡಿದ್ದೇನೆ" ಅಂತ ನನ್ನನ್ನೇ ಕಳ್ಳ ಮಾಡಿ ಬ್ಲಾಕ್ ಮಾಡಿದ. ಐಡಿಯ ಪಾಸ್‌ವರ್ಡ್ ಸಹ ಬದಲಾಗಿತ್ತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾನು ಕಾಲ್ ಮಾಡಿದ್ದು ಐದು ದಿನ ಬಿಟ್ಟು, ನಾಚಿಕೆಯಿಂದ. ಅಷ್ಟರೊಳಗೆ ದುಡ್ಡು ಎಲ್ಲಿಗೋ ಹೋಗಿ ಆಗಿರ್ತದೆ. ಕಂಪ್ಲೇಂಟ್ ನಂಬರ್ ಸಿಕ್ಕಿದೆ, ಅಷ್ಟೇ.

ಸ್ಟೀಮ್ ಐಡಿ ಮಾರುವುದಕ್ಕೆ ಅವರ ನಿಯಮದಲ್ಲೇ ಅವಕಾಶ ಇಲ್ಲ, ಹಾಗಾಗಿ ಐಡಿ ಪಾಸ್‌ವರ್ಡ್ ಕೊಡ್ತೇನೆ ಅಂದವನ ಹತ್ರ ಮಾತೇ ಬೇಡ. ಕೋಡ್ ನಿಮ್ಮ ಫೋನಿಗೆ ಬರುದಿಲ್ಲ ಅಂದ್ರೆ ಗೇಮ್ ನಿಮ್ಮದಲ್ಲ. ಇನ್ನೂ ಮಾರಾಟದಲ್ಲಿರುವ ಗೇಮ್ ಆದ್ರೆ ಸ್ಟೀಮಿನಲ್ಲೇ ತಗೊಳ್ಳಿ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ರೆ 14 ದಿನದೊಳಗೆ ರಿಫಂಡ್ ಕೇಳ್ಬಹುದು. ಭಾಷೆ ನೋಡಿ ನಂಬ್ಬೇಡಿ, ನಾನು ನಂಬಿದ್ದು ಅದನ್ನೇ.

ಅವನ ಹೊಸ ಪೋಸ್ಟಿನಲ್ಲಿ ಅದೇ ಫೋಟೋ, ಅದೇ ಗುಲಾಬಿ ಮಿನಿ, ಅದೇ "ಫುಲ್ ಆನ್‌ಲೈನ್, ಲೈಫ್‌ಟೈಮ್". ಈ ಸಲ ರೇಟ್ 950, ಕೆಳಗೆ "ಕನ್ನಡದಲ್ಲಿ ಮಾತಾಡ್ಬಹುದು" ಅಂತ ಬೇರೆ ಸೇರಿಸಿದ್ದಾನೆ. ಯಾರಾದ್ರೂ ಆಗಲೇ ದುಡ್ಡು ಹಾಕಿದ್ರೆ ನನ್ನ ಹಾಗೆ ಐದು ದಿನ ಕಾಯ್ಬೇಡಿ, ಈಗಲೇ 1930ಕ್ಕೆ ಮಾಡಿ, ಯುಪಿಐಯಲ್ಲಿ ಬಂದ ಆ ಹೆಂಗಸಿನ ಹೆಸರಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.