ಗಾಳಿಯಿಲ್ಲದ ತೊಟ್ಟಿ: ನಮ್ಮ ಎಸ್‌ಟಿಪಿ ದುರಸ್ತಿಯಾಗಿ ಎಂಟು ತಿಂಗಳು

ಬೆಂಗಳೂರಿನ ವರ್ತೂರು ಕಡೆಯ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ 140 ಮನೆಗಳಿವೆ. ಹಳೆಯ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರನ್ನು ಲೋಟದಲ್ಲಿ ಹಿಡಿದರೆ ತಿಳಿಯಾಗಿಯೇ ಕಾಣುತ್ತಿತ್ತು. ಗಿಡಗಳಿಗೆ, ಫ್ಲಶ್‌ಗೆ ಬಳಸಿ ಮಿಕ್ಕಿದ್ದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕಳೆದ ವರ್ಷ ಪ್ರಯೋಗಾಲಯದ ವರದಿ ಬಂತು: ಒಟ್ಟು ಸಾರಜನಕ ಲೀಟರಿಗೆ 34 ಮಿಲಿಗ್ರಾಂ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ ಮಿತಿ 10. ಕೆರೆಯ ತುಂಬ ಕಳೆ ಹಬ್ಬಿದ್ದನ್ನು ಕಂಡು ಮರುಗುತ್ತಿದ್ದ ನಾನು, ಅದಕ್ಕೆ ಗೊಬ್ಬರ ಕಳುಹಿಸುತ್ತಿರುವವರಲ್ಲಿ ನಾವೂ ಇದ್ದೇವೆ ಎಂದು ತಿಳಿದ ರಾತ್ರಿ ನಿದ್ದೆ ಮಾಡಲಿಲ್ಲ.

ದುರಸ್ತಿಗೆಂದು ಕರೆಸಿದ ಮೂರು ಕಂಪನಿಯವರಲ್ಲಿ ಒಬ್ಬರು ಮೆಂಬ್ರೇನ್ (ನೀರು ಸೋಸುವ ಸೂಕ್ಷ್ಮ ಪೊರೆ) ಒಂದನ್ನೇ ಹಾಕಿಸಿದರೆ ಸಾಕು ಎಂದರು. ಕರಗಿದ ನೈಟ್ರೇಟ್ ಮೆಂಬ್ರೇನ್ ರಂಧ್ರಗಳಲ್ಲಿ ಸಲೀಸಾಗಿ ನುಸುಳುವುದಿಲ್ಲವೇ ಎಂದು ಕೇಳಿದಾಗ ಉತ್ತರ ಬರಲಿಲ್ಲ. ನಾವು ಆರಿಸಿಕೊಂಡವರು ಮೊದಲ ದಿನವೇ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಪಕ್ಕದಲ್ಲಿ ನಿಂತು ವಿವರಿಸಿದರು. ಗಾಳಿ ಊದಿದರೆ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಗೇ ನಿಲ್ಲಿಸಿದರೆ ಸಾರಜನಕ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಗಾಳಿಯಿಲ್ಲದ ತೊಟ್ಟಿಗೆ ಮರಳಿಸಿ ಹೊಸ ಕೊಳಚೆಯೊಂದಿಗೆ ಕಲಕಿದರೆ, ಉಸಿರಾಡಲು ಆಮ್ಲಜನಕ ಸಿಗದ ಬ್ಯಾಕ್ಟೀರಿಯಾ ನೈಟ್ರೇಟ್‌ನಿಂದಲೇ ಅದನ್ನು ಕಿತ್ತುಕೊಳ್ಳುತ್ತವೆ, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಪಾಳುಬಿದ್ದಿದ್ದ ನಮ್ಮದೇ ಒಂದು ತೊಟ್ಟಿಯನ್ನು ಇದಕ್ಕೆ ಬಳಸಿದರು. ಕಲಕುವ ಯಂತ್ರ, ಮರಳಿಸುವ ಪಂಪು, ಕಳೆಗೆ ಗೊಬ್ಬರವಾಗುವ ಇನ್ನೊಂದು ವಸ್ತುವಾದ ರಂಜಕವನ್ನು ಇಳಿಸಲು ಪಟಿಕದ ದ್ರಾವಣ ಹನಿಸುವ ಪಂಪು, ಇಷ್ಟೇ ಹೊಸದು. ಕೆಲಸ ಅಚ್ಚುಕಟ್ಟು.

ಆದರೆ ಆರು ವಾರ ಕಳೆದರೂ ನೈಟ್ರೇಟ್ ಇಳಿಯಲಿಲ್ಲ. ಕಾರಣ ಹಿಡಿದವರು ನಮ್ಮ ಆಪರೇಟರ್. ವಾಸನೆಯ ದೂರು ಬರುತ್ತದೆಂಬ ಭಯದಿಂದ, ಕೊಳಚೆ ಕಡಿಮೆ ಬರುವ ರಾತ್ರಿಯಲ್ಲೂ ಬ್ಲೋವರನ್ನು ಪೂರ್ಣ ವೇಗದಲ್ಲಿ ಬಿಡುತ್ತಿದ್ದರು. ಮರಳುವ ನೀರೇ ಆಮ್ಲಜನಕವನ್ನು ಹೊತ್ತು ತೊಟ್ಟಿಗೆ ಸೇರುತ್ತಿತ್ತು. ತಪ್ಪು ಅವರದಲ್ಲ. ಕಂಪನಿ ಕೊಟ್ಟ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಅವರು ಓದುವುದು ಕನ್ನಡ. ನಾನು ಒಂದು ಪುಟ ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲಿಗೆ ಅಂಟಿಸಿದೆ. ರಾತ್ರಿ ಬ್ಲೋವರ್ ವೇಗ ತಗ್ಗಿತು, ವಿದ್ಯುತ್ ಬಿಲ್ಲೂ ತಗ್ಗಿತು.

ಈಗ ಒಟ್ಟು ಸಾರಜನಕ 9ರಿಂದ 12ರ ನಡುವೆ ಆಡುತ್ತಿದೆ, ರಂಜಕ 1ಕ್ಕಿಂತ ಕೆಳಗಿದೆ. ಪಟಿಕದಿಂದ ಕೆಸರು ಹೆಚ್ಚುತ್ತದೆ ಎಂದು ಮಾತ್ರ ಯಾರೂ ಮೊದಲು ಹೇಳಲಿಲ್ಲ. ವಾರಕ್ಕೆ ಮೂರು ಬಾರಿ ಓಡಿಸುತ್ತಿದ್ದ, ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ಸನ್ನು ಈಗ ನಾಲ್ಕು ಬಾರಿ ಓಡಿಸುತ್ತಿದ್ದೇವೆ.

ಈ ಬಗೆಯ ದುರಸ್ತಿಯನ್ನು ಖಂಡಿತ ಮಾಡಿಸಿ. ಕರಾರಿಗೆ ಸಹಿ ಹಾಕುವ ಮೊದಲು, ಆಪರೇಟರ್‌ಗೆ ಅವರ ಭಾಷೆಯಲ್ಲೇ ತರಬೇತಿ ಮತ್ತು ತಿಂಗಳಿಗೊಮ್ಮೆ ನೈಟ್ರೇಟ್ ಪರೀಕ್ಷೆ, ಇವೆರಡನ್ನೂ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ.