ಸಂಜೆ ದೋಣಿಯಲ್ಲಿ ಗಾಳ: ಜೀವಂತ ಸಿಗಡಿಯೋ, ರಬ್ಬರ್ ಮೀನೋ?

ಮೊದಲೇ ಹೇಳಿಬಿಡುತ್ತೇನೆ, ನಾನು ರಬ್ಬರ್ ಮೀನಿನ ಕಡೆ. ನನ್ನ ಗೆಳೆಯ ಜೀವಂತ ಸಿಗಡಿಯ ಕಡೆ. ದೋಣಿ ಅವನದು. ಅವನು ಹಿಂದೆ ಹುಟ್ಟು ಹಿಡಿದು ಕೂರುತ್ತಾನೆ, ನಾನು ಮುಂದೆ. ಒಂದೇ ಸಂಜೆ, ಒಂದೇ ನೀರು, ಎರಡು ಗಾಳ. ಯಾವುದಕ್ಕೆ ಏನು ಕಚ್ಚಿತು ಅಂತ ಇಬ್ಬರ ಕಣ್ಣೆದುರೇ ಗೊತ್ತಾಗುತ್ತದೆ, ಸುಳ್ಳು ಹೇಳಲು ಜಾಗವೇ ಇಲ್ಲ.

ಜಾಗ ಕುಂದಾಪುರದ ಪಂಚಗಂಗಾವಳಿ. ಐದು ಹೊಳೆ ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಬೀಳುವ ನೀರು. ಅಳಿವೆಯ ಬಾಯಿಯ ಹತ್ತಿರ ನಾವು ಹೋಗುವುದಿಲ್ಲ. ಅಲ್ಲಿ ಅಲೆ ಜಾಸ್ತಿ, ಬೋಟುಗಳ ಓಡಾಟವೂ ಜಾಸ್ತಿ, ನಮ್ಮದು ಸಣ್ಣ ದೋಣಿ. ಕುದ್ರುಗಳ, ಅಂದರೆ ಹೊಳೆ ನಡುವಿನ ಸಣ್ಣ ದ್ವೀಪಗಳ ಅಂಚು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡ, ಸೇತುವೆಯ ಕಂಬ, ಇಷ್ಟೇ ನಮ್ಮ ಸುತ್ತಾಟ. ಆಸೆ ಇರುವುದು ಕುರುಡಿಯ ಮೇಲೆ, ಅಂದರೆ ಪೇಟೆಯವರು ಸೀಬಾಸ್ ಅನ್ನುವ ಮೀನು. ಕೆಂಬೇರಿ ಸಿಕ್ಕರೆ ಅದೃಷ್ಟ. ಕಾಣೆ ಸಿಕ್ಕರೆ ಮನೆಯವರಿಗೆ ಖುಷಿ.

ರಾಡು, ರೀಲು ಇಬ್ಬರದೂ ಹೆಚ್ಚುಕಮ್ಮಿ ಒಂದೇ. ಅದರ ಮಾತು ಬೇಡ. ಜಗಳ ಇರುವುದು ದಾರದ ತುದಿಯಲ್ಲಿ.

ಸಿಗಡಿಯ ದೊಡ್ಡಸ್ತಿಕೆಯನ್ನು ಒಪ್ಪಿಕೊಳ್ಳೋಣ. ನೀರಿನೊಳಗೆ ಜೀವಂತ ಸಿಗಡಿ ಒಂದು ಸಲ ಬಾಲ ಮಡಿಚಿ ಹಿಂದಕ್ಕೆ ಚಿಮ್ಮಿದರೆ ಸಾಕು, ಕುರುಡಿ ಕೈಬಿಡುವುದಿಲ್ಲ. ಅದು ಕಚ್ಚುವ ಮೀನಲ್ಲ, ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುವ ಮೀನು. ಗೆಳೆಯ ಕೊಕ್ಕೆ ಚುಚ್ಚುವುದನ್ನು ನೋಡಬೇಕು. ತಲೆಯ ಮೇಲಿನ ಗರಗಸದಂಥ ಕೊಂಬಿನ ಕೆಳಗೆ, ಒಳಗೆ ಕಪ್ಪಾಗಿ ಕಾಣುವ ಚುಕ್ಕೆಗೆ ತಾಗದ ಹಾಗೆ, ಅಡ್ಡಕ್ಕೆ ಮೆಲ್ಲಗೆ ದಾಟಿಸುತ್ತಾನೆ. ಆ ಚುಕ್ಕೆಗೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ತಾಗದಿದ್ದರೆ ತುಂಬಾ ಹೊತ್ತು ಈಜುತ್ತಿರುತ್ತದೆ. ಇದು ಕೈ ಪಳಗಿದವರ ಕೆಲಸ, ಒಪ್ಪಿದೆ.

ಆದರೆ ಆ ಸಿಗಡಿಯನ್ನು ಕೊಕ್ಕೆಯ ತನಕ ಜೀವಂತ ಇಟ್ಟುಕೊಳ್ಳುವುದಿದೆಯಲ್ಲ, ನನ್ನ ತಕರಾರೆಲ್ಲ ಅಲ್ಲೇ.

ಬಕೆಟ್ಟಿನ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಏಪ್ರಿಲ್ ಸಂಜೆ ಐದು ಗಂಟೆಗೆ ಪ್ಲಾಸ್ಟಿಕ್ ಬಕೆಟ್ಟಿಗೆ ಕೈ ಹಾಕಿದರೆ ಸ್ನಾನದ ನೀರಿನ ಹಾಗಿರುತ್ತದೆ. ಸಿಗಡಿಗಳು ಮೊದಲು ಒಟ್ಟಿಗೆ ಗೋಡೆಗೆ ಬಂದು ಮೇಲಕ್ಕೆ ಹತ್ತಲು ನೋಡುತ್ತವೆ. ಆಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ಗಾಜಿನಂತಿದ್ದ ಮೈ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ. ಒಂದು ಸತ್ತು ನೀರು ಕೆಟ್ಟರೆ ಉಳಿದವು ಸಾಲಾಗಿ ಹೋಗುತ್ತವೆ.

ಇದಕ್ಕೆ ಅಂತಲೇ ಬ್ಯಾಟರಿ ಪಂಪ್ ತರಿಸಿದೆವು. ಎರಡು ದಪ್ಪ ಸೆಲ್ ಹಾಕುವ ಥರದ್ದು. ಬಕೆಟ್ಟಿನ ಕಂಠಕ್ಕೆ ಸಿಕ್ಕಿಸಿ, ಕೊಳವೆಯ ತುದಿಯ ಕಲ್ಲನ್ನು ನೀರಿಗೆ ಬಿಟ್ಟರೆ ಗುಳ್ಳೆ ಬರಬೇಕು. ಬಂತು. ಮೊದಲ ಸಂಜೆ ಚೆನ್ನಾಗಿಯೇ ಬಂತು. ಜೊತೆಗೆ ಸದ್ದೂ ಬಂತು. ಇಡೀ ಹೊಳೆ ಸುಮ್ಮನಿರುವಾಗ ಕಾಲ ಬುಡದಲ್ಲಿ ಗುರ್ರ್ ಅಂತ ಒಂದೇ ಸಮನೆ. ದೋಣಿಯ ಹಲಗೆಗೆ ಬಕೆಟ್ ತಾಗಿದರೆ ಹಲಗೆಯೂ ನಡುಗುತ್ತದೆ. ಆರಾಮಾಗಿ ಕೂತು ಮಾತಾಡೋಣ ಅಂತ ಬಂದವರು ಮಿಕ್ಸಿ ಪಕ್ಕದಲ್ಲಿ ಕೂತಂತಾಯಿತು.

ಸದ್ದನ್ನಾದರೂ ಸಹಿಸಬಹುದಿತ್ತು. ಸ್ವಲ್ಪ ದಿನಕ್ಕೇ ಗುಳ್ಳೆ ಸಣ್ಣಗಾಯಿತು. ಕಲ್ಲಿನ ತೂತುಗಳಲ್ಲಿ ಉಪ್ಪು ಕಟ್ಟಿಕೊಂಡಿತ್ತು. ಕಲ್ಲನ್ನು ಸಿಹಿನೀರಲ್ಲಿ ನೆನೆಸಿ ತೊಳೆದೆವು, ಸರಿಯಾಯಿತು. ಆಮೇಲೆ ಸೆಲ್ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯಿತು. ಅದನ್ನು ಮರಳು ಕಾಗದದಿಂದ ಉಜ್ಜಿದೆವು. ಕೊನೆಗೆ ಪಂಪ್ ತನಗೆ ಮನಸ್ಸು ಬಂದಾಗ ಓಡುವ, ಇಲ್ಲದಾಗ ನಿಲ್ಲುವ ಸ್ಥಿತಿಗೆ ಬಂತು. ಕತ್ತಲಲ್ಲಿ ಗಾಳ ನೋಡುವುದೋ, ಪಂಪಿನ ಬೆನ್ನು ತಟ್ಟುವುದೋ? ಮಾರಿದವರ ಹತ್ತಿರ ಕೇಳಿದರೆ ಉಪ್ಪುನೀರು ತಾಗಿದರೆ ವಾರಂಟಿ ಇಲ್ಲವಂತೆ. ಸಿಗಡಿ ಇಡಲು ಅಂತಲೇ ಮಾರುವ ವಸ್ತುವಿಗೆ ಉಪ್ಪುನೀರು ತಾಗಬಾರದಂತೆ!

ಈಗ ಗೆಳೆಯ ಪಂಪನ್ನು ಬಿಟ್ಟು ಹಳೇ ದಾರಿ ಹಿಡಿದಿದ್ದಾನೆ. ಬಕೆಟ್ಟಿಗೆ ಒದ್ದೆ ಗೋಣಿ ಸುತ್ತುತ್ತಾನೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮುಚ್ಚಳ ಬಿಗಿ ಮಾಡಿ ಒಳಗೆ ತೇಲಬಿಡುತ್ತಾನೆ. ಬರೀ ಐಸ್ ಹಾಕಿದರೆ ಅದು ಕರಗಿ ಸಿಹಿನೀರು ಸೇರುತ್ತದೆ, ಆಗ ಕಷ್ಟ. ಆಗಾಗ ಚೊಂಬಿನಲ್ಲಿ ಅರ್ಧ ನೀರು ತೆಗೆದು ಹೊಸದು ಹಾಕುತ್ತಾನೆ. ಇದು ಪಂಪಿಗಿಂತ ಎಷ್ಟೋ ವಾಸಿ. ಆದರೆ ಮಳೆ ಬಂದ ಮೇಲೆ ಇದಕ್ಕೂ ಒಂದು ಕಾಟ. ಹೊಳೆಯ ಮೇಲಿನ ಪದರ ಸಿಹಿಯಾಗಿರುತ್ತದೆ, ಉಪ್ಪುನೀರು ಭಾರವಾದ್ದರಿಂದ ಕೆಳಗಿರುತ್ತದೆ. ಚೊಂಬಿಗೆ ಸಿಗುವುದು ಮೇಲಿನ ನೀರು. ಅದನ್ನು ಏಕಾಏಕಿ ಸುರಿದರೆ ಸಿಗಡಿ ತಡೆಯುವುದಿಲ್ಲ.

ಇಷ್ಟಕ್ಕೂ ಸಿಗಡಿ ಸಿಗಬೇಕಲ್ಲ. ಅವನು ದಡದಲ್ಲಿ ಬೀಸುಬಲೆ ಹಾಕಿ ತಾನೇ ಹಿಡಿಯುತ್ತಾನೆ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುವ ಊರು ನಮ್ಮದು. ನಾನು ಐದಕ್ಕೆ ಕೆಲಸ ಮುಗಿಸಿ ಓಡಿಬಂದರೆ ಅವನಿನ್ನೂ ಮೊಣಕಾಲು ಕೆಸರಲ್ಲಿ ಬಲೆ ಕೊಡವುತ್ತಿರುತ್ತಾನೆ. ಮೀನು ಏಳುವ ಹೊತ್ತು ಬಲೆ ಕೊಡವುವುದರಲ್ಲೇ ಹೋಗುತ್ತದೆ. ನೀರು ಏರುವ ಹೊತ್ತೋ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ, ನಮಗಾಗಿ ಕಾಯುವುದಿಲ್ಲ.

ರಬ್ಬರ್ ಮೀನಿಗೆ ಈ ರಗಳೆ ಯಾವುದೂ ಇಲ್ಲ. ಬೈಕಿನ ಡಿಕ್ಕಿಯಲ್ಲಿ ಒಂದು ಡಬ್ಬಿ. ಮೂರ್ನಾಲ್ಕು ಇಂಚಿನ ಮೆತ್ತಗಿನ ಮೀನು, ಬಾಲ ಚಪ್ಪಟೆ. ಮೂತಿಯೊಳಗೆ ಸೀಸದ ತಲೆಯ ಕೊಕ್ಕೆ. ಎಸೆದು, ತಳ ಮುಟ್ಟಲು ಬಿಟ್ಟು, ನಿಧಾನಕ್ಕೆ ಸುತ್ತಿದರೆ ಬಾಲ ತಾನಾಗಿ ಬಡಿಯುತ್ತದೆ. ಆ ಬಡಿತ ದಾರದಲ್ಲಿ ಬಂದು ಬೆರಳಿಗೆ ತಾಗುತ್ತದೆ. ಕಂಬದ ನೆರಳಿನಿಂದ ಕುರುಡಿ ಬಂದು ಹೊಡೆದಾಗ ಸಿಗುವ ಪೆಟ್ಟು, ಸಿಗಡಿ ಬಿಟ್ಟು ಕಾಯುವವನಿಗೆ ಸಿಗುವುದಿಲ್ಲ. ನನಗೆ ಸುಮ್ನೆ ಕೂರಲು ಬರುವುದಿಲ್ಲ, ಕೈಗೆ ಕೆಲಸ ಬೇಕು. ಇದು ಸ್ವಭಾವದ ಮಾತು, ಮೀನಿನದಲ್ಲ.

ಇದರಲ್ಲಿ ಆಯ್ಕೆ ಮಾಡಬೇಕಾದ್ದು ಬಣ್ಣವಲ್ಲ, ಸೀಸದ ತಲೆಯ ತೂಕ. ಸಾಧಾರಣ ದಿನ ಏಳು ಗ್ರಾಂ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು, ಆಗ ಹದಿನಾಲ್ಕಾದರೂ ಬೇಕು, ಇಲ್ಲದಿದ್ದರೆ ತಳ ಮುಟ್ಟುವ ಮೊದಲೇ ದೋಣಿಯ ಹಿಂದೆ ಹೋಗಿರುತ್ತದೆ. ಬಣ್ಣ ನನಗೆ ಬಿಳಿ. ಕತ್ತಲಾದ ಮೇಲೆ ಕಪ್ಪು.

ಕೊರತೆ ಇಲ್ಲವೆಂದಲ್ಲ. ಪಫರ್ ಮೀನು, ಅದೇ ಗಾಳಿ ತುಂಬಿದ ಚೆಂಡಿನ ಹಾಗೆ ಉಬ್ಬುವುದು, ಬಾಲವನ್ನು ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿ ಕಚ್ಚಿ ಒಯ್ಯುತ್ತದೆ. ಐದು ಮೀನಿನ ಪೊಟ್ಟಣಕ್ಕೆ ಮುನ್ನೂರು ಚಿಲ್ಲರೆ ಕೊಟ್ಟವನ ಹೊಟ್ಟೆ ಉರಿಯುತ್ತದೆ. ಕಂಬಕ್ಕೆ ಅಂಟಿದ ಚಿಪ್ಪಿಗೆ ಸಿಕ್ಕಿದರೆ ಕೊಕ್ಕೆಯೂ ಹೋಯಿತು. ಇನ್ನೊಂದು, ಬೇರೆ ಬೇರೆ ಕಂಪನಿಯ ರಬ್ಬರನ್ನು ಒಂದೇ ಡಬ್ಬಿಯಲ್ಲಿ ಒಟ್ಟಿಗೆ ಇಡಬೇಡಿ. ಕೆಲವು ಒಂದಕ್ಕೊಂದು ತಾಗಿ ಕರಗಿ ಅಂಟಾಗುತ್ತವೆ. ಅವು ಬಂದ ಪೊಟ್ಟಣದಲ್ಲೇ ಇರಲಿ.

ಗೆಳೆಯನ ತಕರಾರು ಬೇರೆಯೇ. ನಾನು ಖಾಲಿ ದಾರ ಸುತ್ತಿ ತಂದಾಗಲೆಲ್ಲ, "ಅದಕ್ಕೂ ಗೊತ್ತಿತ್ತ್ ಮಾರಾಯ, ಅದ್ ರಬ್ಬರ್ ಅಂದೇಳಿ" ಅನ್ನುತ್ತಾನೆ. ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ನೀರು ಕೆಂಪಗೆ ಕದಡಿದ ದಿನ ರಬ್ಬರ್ ಏನೂ ಮಾಡುವುದಿಲ್ಲ, ವಾಸನೆ ಇರುವ ಸಿಗಡಿಯೇ ಬೇಕು. ಕಾಣೆಗೂ ಅಷ್ಟೇ. ಸಣ್ಣ ಕೊಕ್ಕೆಗೆ ಸಿಗಡಿಯ ಚೂರು ಸಿಕ್ಕಿಸಿ ಮರಳು ತಳಕ್ಕೆ ಬಿಟ್ಟರೆ ಅವನು ರವೆ ಫ್ರೈಗೆ ಸಾಕಾಗುವಷ್ಟು ಎತ್ತುತ್ತಾನೆ. ನನ್ನ ಚೀಲದಲ್ಲಿ ಇದ್ದರೆ ಒಂದು ಕುರುಡಿ, ಇಲ್ಲದಿದ್ದರೆ ಟಾರ್ಚು.

ಸತ್ತ ಸಿಗಡಿ ಬೇಡವೇ ಬೇಡ. ಅದಕ್ಕೆ ಬರುವುದು ಹೆಚ್ಚಾಗಿ ಮೀಸೆಯ ಕ್ಯಾಟ್‌ಫಿಶ್. ಕತ್ತಲಲ್ಲಿ ಬಿಡಿಸಲು ಹೋಗಿ ಅದರ ಮುಳ್ಳು ಚುಚ್ಚಿದರೆ ಆ ರಾತ್ರಿ ಪೂರ್ತಿ ಕೈ ಹಿಡಿದು ಕೂರಬೇಕು.

ಮರದ, ಪ್ಲಾಸ್ಟಿಕ್ಕಿನ ಗಟ್ಟಿ ಮೀನುಗಳೂ ಬರುತ್ತವೆ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಕೊಕ್ಕೆ ಇರುವಂಥವು. ದಡದಲ್ಲಿ ಒಬ್ಬರೇ ನಿಂತು ಎಸೆಯುವುದಾದರೆ ಸರಿ. ಇಬ್ಬರು ಕೂರುವ ದೋಣಿಯಲ್ಲಿ, ಕತ್ತಲಲ್ಲಿ, ಒದ್ದಾಡುವ ಮೀನಿನ ಬಾಯಲ್ಲಿ ಆರು ಮೊನೆ ಅಂದರೆ ನನಗೆ ಬೇಡಪ್ಪ.

ಖರ್ಚಿನ ಲೆಕ್ಕದಲ್ಲಿ ಬಲೆ ಹಾಕಲು ಬರುವವನಿಗೆ ಸಿಗಡಿ ಬಿಟ್ಟಿ. ಕೊಂಡು ತರುವವನಿಗೆ ಅದು ಆ ಸಂಜೆಗೇ ಮುಗಿಯುವ ದುಡ್ಡು, ಉಳಿದದ್ದು ಬಾಣಲೆಗೆ. ರಬ್ಬರ್ ಪೊಟ್ಟಣ ಪಫರ್ ಕಾಟ ಇಲ್ಲದ ತಿಂಗಳು ತುಂಬಾ ದಿನ ಬಾಳುತ್ತದೆ. ವಾರದ ನಡುವೆ, ಕೆಲಸ ಬಿಟ್ಟು ಎರಡು ಗಂಟೆ ಸಿಗುವ ನನ್ನಂಥವರಿಗೆ ರಬ್ಬರೇ ಸರಿ. ಭಾನುವಾರ ಮಧ್ಯಾಹ್ನದಿಂದಲೇ ಬಿಡುವಿದ್ದು, ಮನೆಯಲ್ಲಿ ಮಸಾಲೆ ಅರೆದು ಕಾಯುವವರಿದ್ದರೆ ಗೆಳೆಯನ ದಾರಿ ಹಿಡಿಯಿರಿ.

ಯಾವುದೇ ಹಾಕಿ, ಕೊಕ್ಕೆಯ ಮೇಲೆ ಒಂದು ಮೊಳ ದಪ್ಪ ದಾರ ಕಟ್ಟುವುದನ್ನು ಬಿಡಬೇಡಿ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ತೆಳು ದಾರ ಅದಕ್ಕೆ ಲೆಕ್ಕಕ್ಕಿಲ್ಲ. ಪಂಪ್ ಮಾತ್ರ ಕೊಳ್ಳಬೇಡಿ. ನಮ್ಮದೇ ಒಂದಿದೆ, ಬೇಕಿದ್ದರೆ ಸುಮ್ನೆ ಕೊಡುತ್ತೇವೆ.